ಲಕ್ಷ ಕಡತಗಳ ಪಟ್ಟಿ: ಕಟ್ಟು ಬಿಚ್ಚದೆ ಲೆಕ್ಕ

ಉಜಿರೆಯಲ್ಲಿ ಆಟಿಯ ಮಳೆ ಹಿಡಿಯಿತೆಂದರೆ ಬಿಡುವುದಿಲ್ಲ. ಬಿಟ್ಟುಹೋಗುವುದು ಕರೆಂಟು ಮಾತ್ರ. ಅಂಥದೊಂದು ಸಂಜೆಯನ್ನು ಊಹಿಸಿಕೊಳ್ಳಿ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟಿಗಾಗಿ ತಂದ ಹಾರ್ಡ್‌ಡಿಸ್ಕನ್ನು ಮನೆಯ ಹಳೆಯ ಕಂಪ್ಯೂಟರಿಗೆ ಜೋಡಿಸಿ ಕುಳಿತಿದ್ದಾನೆ. ಅದರೊಳಗೆ ಇರುವುದು ಒಂದೇ ಒಂದು ಫೋಲ್ಡರು. ಫೋಲ್ಡರಿನೊಳಗೆ ಹಳೆಯ ಪುಸ್ತಕಗಳ ಪುಟಪುಟದ ಚಿತ್ರ, ಒಟ್ಟು ಒಂದು ಲಕ್ಷ ಕಡತ. ಅವನಿಗೆ ಬೇಕಾದದ್ದು ಇಷ್ಟೆ: ಎಲ್ಲ ಪುಟಗಳೂ ಬಂದಿವೆಯೆ, ಯಾವುದಾದರೂ ತಪ್ಪಿದೆಯೆ? ಫೋಲ್ಡರಿನ ಮೇಲೆ ಎರಡು ಸಲ ಒತ್ತುತ್ತಾನೆ. ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ. ಐದು ನಿಮಿಷ, ಹತ್ತು ನಿಮಿಷ. ‘ಎಂತ ಮಗಾ, ಇನ್ನೂ ಆಗ್ಲಿಲ್ವಾ?’ ಎಂದು ಅಡುಗೆಮನೆಯಿಂದ ತಾಯಿ ಕೇಳುವ ಹೊತ್ತಿಗೆ ಒಂದು ಗುಡುಗು, ಹಿಂದೆಯೇ ಕತ್ತಲೆ. ಚಕ್ರವೂ ಇಲ್ಲ, ಪಟ್ಟಿಯೂ ಇಲ್ಲ.

ಹೊಸ ಕಂಪ್ಯೂಟರು ಬೇಕೆಂದು ಮಗ ಮರುದಿನ ಬೆಳಿಗ್ಗೆ ಹಟ ಹಿಡಿದರೆ ಆಶ್ಚರ್ಯವಿಲ್ಲ. ಆದರೆ ಹಣ ಹೊಂದಿಸುವ ಮುನ್ನ ತಂದೆತಾಯಿಗಳು ಒಂದು ಮಾತು ತಿಳಿದಿರುವುದು ಒಳ್ಳೆಯದು. ಲಕ್ಷ ಕಡತಗಳ ಹೆಸರನ್ನು ಪಟ್ಟಿ ಮಾಡುವುದು ಆ ಹಳೆಯ ಕಂಪ್ಯೂಟರಿಗೂ ಭಾರವಾದ ಕೆಲಸವಲ್ಲ. ಅದಕ್ಕೆ ಹತ್ತು ಸಾಲಿನ ಒಂದು ಸ್ಕ್ರಿಪ್ಟು, ಅಂದರೆ ಯಂತ್ರಕ್ಕೆ ಬರೆದುಕೊಡುವ ಒಂದು ಸಣ್ಣ ಆದೇಶಪತ್ರ, ಸಾಕು. ಯಾವ ಪ್ರಶ್ನೆಯನ್ನು ಕೇಳಬೇಕು, ಯಾವುದನ್ನು ಕೇಳಬಾರದು ಎಂಬುದು ಗೊತ್ತಿರಬೇಕು, ಅಷ್ಟೆ.

ಮೂಡಬಿದಿರೆಯ ಪಾಠ

ಈ ವಿವೇಕ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಉಜಿರೆಯಿಂದ ಬಸ್ಸು ಹತ್ತಿ ಹೋಗಬಹುದಾದ ಮೂಡಬಿದಿರೆಯ ಜೈನ ಭಂಡಾರಗಳು ತಾಳೆಗರಿ ಗ್ರಂಥಗಳಿಗೆ ಹೆಸರಾದವು. ಪ್ರಾಕೃತ ಭಾಷೆಯ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳು ಹಳೆಯ ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಬಂದದ್ದು ಇಲ್ಲಿಯೆ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಮೊದಲ್ಗೊಂಡು 16 ಸಂಪುಟಗಳಲ್ಲಿ ಅಚ್ಚಾದ ಧವಲಾ ಗ್ರಂಥದ ಮೂಲ ಈ ಊರಿನ ಗರಿಗಳು.

ಇಂಥ ಭಂಡಾರಗಳಲ್ಲಿ ಏನೇನಿದೆ ಎಂದು ಹೊರಗಿನವರಿಗೆ ತಿಳಿಯುವಂತೆ ಮಾಡಿದವರು ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು. ಅವರು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಹಸ್ತಪ್ರತಿ ಸೂಚಿಯೆಂದರೆ ಬರಿಯ ಹೆಸರುಗಳ ಸಾಲಲ್ಲ. ಗ್ರಂಥದ ಹೆಸರು, ಕರ್ತೃ, ವಿಷಯ, ಭಾಷೆ, ಲಿಪಿ, ಗರಿಗಳ ಸಂಖ್ಯೆ, ಗರಿಯೊಂದರಲ್ಲಿ ಎಷ್ಟು ಸಾಲು, ಸಾಲೊಂದರಲ್ಲಿ ಎಷ್ಟು ಅಕ್ಷರ, ಪ್ರತಿ ಪೂರ್ಣವೋ ಅಪೂರ್ಣವೋ ಎಂಬ ವಿವರಗಳು ಅದರಲ್ಲಿರುತ್ತವೆ. ಒಮ್ಮೆ ಈ ಸೂಚಿ ಸಿದ್ಧವಾಯಿತೆಂದರೆ, ಇಂಥ ಗ್ರಂಥ ಇದೆಯೆ ಎಂದು ಕೇಳಿ ಬಂದವರಿಗೆ ಕಟ್ಟು ಬಿಚ್ಚಿ ತೋರಿಸಬೇಕಾಗಿಲ್ಲ. ಒಣಗಿದ ಗರಿ ಪ್ರತಿ ಸಲ ಬಿಚ್ಚಿದಾಗಲೂ ಅಂಚಿನಲ್ಲಿ ಒಂದಿಷ್ಟು ಮುರಿಯುತ್ತದೆ. ಪಟ್ಟಿಯಲ್ಲಿ ನೋಡಿ ಉತ್ತರಿಸಿದಷ್ಟೂ ಗರಿಗೆ ಆಯುಷ್ಯ.

ಕಂಪ್ಯೂಟರಿನ ಡೈರೆಕ್ಟರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಮುರಿಯುವುದು ಗರಿಯಲ್ಲ, ಕಾಯುವವರ ತಾಳ್ಮೆ.

ರಿಜಿಸ್ಟರು ಮತ್ತು ಕಪಾಟು

ಫೋಲ್ಡರು ಅಥವಾ ಡೈರೆಕ್ಟರಿ ಎಂದರೆ ಕಡತಗಳನ್ನು ತುಂಬಿಟ್ಟ ಚೀಲ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ ಅದೊಂದು ರಿಜಿಸ್ಟರು. ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಈ ರಿಜಿಸ್ಟರಿನ ಪ್ರತಿ ಸಾಲಿನಲ್ಲಿ ಮುಖ್ಯವಾಗಿ ಇರುವುದು ಎರಡೇ ಸಂಗತಿ: ಕಡತದ ಹೆಸರು ಮತ್ತು ಒಂದು ಸಂಖ್ಯೆ. ಈ ಸಂಖ್ಯೆಗೆ ಐನೋಡ್ ಎಂದು ಹೆಸರು. ಗ್ರಂಥಾಲಯದ ಕಪಾಟಿನ ಸಂಖ್ಯೆ ಇದ್ದಂತೆ. ಕಡತದ ಗಾತ್ರವೆಷ್ಟು, ಅದನ್ನು ಬದಲಿಸಿದ್ದು ಯಾವಾಗ, ಅದರ ಒಡೆಯ ಯಾರು ಎಂಬುದೆಲ್ಲ ರಿಜಿಸ್ಟರಿನಲ್ಲಿಲ್ಲ. ಕಪಾಟಿನವರೆಗೆ ಹೋಗಿ ಅಲ್ಲಿ ಅಂಟಿಸಿದ ಚೀಟಿಯನ್ನು ಓದಿದರೆ ಮಾತ್ರ ತಿಳಿಯುತ್ತದೆ.

ಎರಡು ಕೆಲಸಗಳ ವೆಚ್ಚದಲ್ಲಿ ಅಜಗಜಾಂತರ. ರಿಜಿಸ್ಟರನ್ನು ಓದುವಾಗ ಕಂಪ್ಯೂಟರು ಒಂದೊಂದೇ ಸಾಲನ್ನು ಕೇಳುವುದಿಲ್ಲ, ಪುಟಗಟ್ಟಲೆ ಒಮ್ಮೆಲೇ ತರಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಸಿ ಲೈಬ್ರರಿ ಒಂದು ಸಲಕ್ಕೆ 32 ಕಿಲೋಬೈಟ್‌ನಷ್ಟು ನಮೂದುಗಳನ್ನು ಎತ್ತಿಕೊಳ್ಳುತ್ತದೆ. ಕಡತದ ಹೆಸರು ಹನ್ನೆರಡು ಅಕ್ಷರದ್ದಾದರೆ ಒಂದು ನಮೂದಿಗೆ 32 ಬೈಟು ಬೇಕು. ಅಂದರೆ ಒಂದು ಸಲಕ್ಕೆ 1,024 ಹೆಸರು. ಒಂದು ಲಕ್ಷ ಹೆಸರುಗಳಿಗೆ ನೂರರ ಆಸುಪಾಸು ಕೋರಿಕೆ ಸಾಕು. ಪ್ರತಿ ಕಡತದ ಗಾತ್ರ, ದಿನಾಂಕವೂ ಬೇಕೆಂದರೆ ಒಂದು ಲಕ್ಷ ಸಲ ಪ್ರತ್ಯೇಕವಾಗಿ ಕೇಳಬೇಕು.

ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಸೂಜಿ ಸರಿಯಲು ಕೆಲವು ಮಿಲಿಸೆಕೆಂಡು ಬೇಕು. ಐದು ಮಿಲಿಸೆಕೆಂಡು ಎಂದೇ ಇಟ್ಟುಕೊಂಡು, ಪ್ರತಿ ಚೀಟಿಗೂ ಸೂಜಿ ಸರಿಯಲೇಬೇಕಾದ ಅತಿ ಕೆಟ್ಟ ಸಂದರ್ಭವನ್ನು ಲೆಕ್ಕ ಹಾಕಿದರೆ ಲಕ್ಷ ಕಡತಕ್ಕೆ 500 ಸೆಕೆಂಡು, ಅಂದರೆ ಎಂಟು ನಿಮಿಷಕ್ಕೂ ಹೆಚ್ಚು. ಹೆಸರುಗಳನ್ನಷ್ಟೇ ಓದಿದರೆ ಅದು ಕ್ಷಣಗಳ ಕೆಲಸ. ಪರದೆಯ ಮೇಲೆ ಚಿತ್ರಗಳ ಪುಟ್ಟ ಮಾದರಿಯನ್ನೂ ತೋರಿಸುವ ಕಿಟಕಿಯಾದರೆ ಕೇಳುವುದೇ ಬೇಡ. ಅದು ಚೀಟಿ ಓದುವುದರ ಜತೆಗೆ ಕಟ್ಟನ್ನೂ ಬಿಚ್ಚಿ ಗರಿ ನೋಡಲು ಕೂರುತ್ತದೆ. ಉಜಿರೆಯ ಆ ವಿದ್ಯಾರ್ಥಿಯ ಚಕ್ರ ತಿರುಗುತ್ತಲೇ ಇದ್ದುದು ಈ ಕಾರಣದಿಂದ.

ಬೇಡದ ಉಪಕಾರ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಯುನಿಕ್ಸ್ ಕಟ್ಟಲು ತೊಡಗಿದ ಕಾಲದ ಒಂದು ಪುಟ್ಟ ಆದೇಶ ‘ಎಲ್‌ಎಸ್’. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನಲ್ಲೂ ಕಡತಗಳ ಪಟ್ಟಿ ಕೇಳಲು ಅದನ್ನೇ ಬಳಸುತ್ತಾರೆ. ಇದು ಬಹಳ ಉಪಕಾರಿ ಆದೇಶ. ಕೇಳದಿದ್ದರೂ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಅನೇಕ ಕಡೆ ಕಡತಕ್ಕೊಂದು ಬಣ್ಣ, ಡೈರೆಕ್ಟರಿಗೊಂದು ಬಣ್ಣ ಬಳಿದು ತೋರಿಸುತ್ತದೆ.

ಐವತ್ತು ಕಡತಗಳಿದ್ದಾಗ ಈ ಉಪಕಾರ ಹಿತ. ಲಕ್ಷವಾದಾಗ ಹೊರೆ. ಅಕಾರಾದಿಯಾಗಿ ಜೋಡಿಸಬೇಕಾದರೆ ಕೊನೆಯ ಹೆಸರು ಬರುವವರೆಗೆ ಮೊದಲ ಹೆಸರನ್ನು ತೋರಿಸುವಂತಿಲ್ಲ. ಎಲ್ಲವನ್ನೂ ನೆನಪಿನಲ್ಲಿ ಹೊತ್ತು ಕಾಯಬೇಕು. ಲಕ್ಷ ಹೆಸರುಗಳನ್ನು ಜೋಡಿಸಲು ಸುಮಾರು 17 ಲಕ್ಷ ಹೋಲಿಕೆಗಳು ಬೇಕು. ಈಗಿನ ಯಂತ್ರಗಳಿಗೆ ಅದು ದೊಡ್ಡ ಲೆಕ್ಕವಲ್ಲ. ನಿಜವಾದ ಹೊರೆ ಬಣ್ಣದ್ದು. ಯಾವ ಬಣ್ಣ ಎಂದು ತಿಳಿಯಲು ಕಡತವೊಂದೊಂದರ ಚೀಟಿಯನ್ನೂ ಓದಿ ಬರಬೇಕಾಗುತ್ತದೆ. ಹೀಗಾಗಿ ದೊಡ್ಡ ಡೈರೆಕ್ಟರಿಯಲ್ಲಿ ಎಲ್‌ಎಸ್ ಬಳಸುವವರು ‘ಬಣ್ಣ ಬೇಡ, ಜೋಡಣೆಯೂ ಬೇಡ’ ಎಂದು ಮೊದಲೇ ಹೇಳುವುದು ಒಳ್ಳೆಯದು. ಆದೇಶದ ಮುಂದೆ ಅಡ್ಡಗೆರೆ ಹಾಕಿ ದೊಡ್ಡಕ್ಷರದ ‘ಯು’ ಬರೆದರೆ ಜೋಡಣೆ ನಿಲ್ಲುತ್ತದೆ. ಬಣ್ಣವನ್ನು ಬೇರೆಯಾಗಿ ನಿಲ್ಲಿಸಬೇಕು.

ಜೋಡಣೆ ಬೇಡವೆಂದಾಗ ಹೆಸರುಗಳು ಗಜಿಬಿಜಿಯಾಗಿ ಬರುತ್ತವೆ. ಕಡತ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ, ಬೇಕಾದ ಒಂದು ಹೆಸರನ್ನು ಲಕ್ಷದ ನಡುವೆಯೂ ತಟ್ಟನೆ ಹುಡುಕುವ ಸಲುವಾಗಿ, ಹೆಸರಿನಿಂದ ಲೆಕ್ಕ ಹಾಕಿದ ಒಂದು ಗೂಢಸಂಖ್ಯೆಯ ಪ್ರಕಾರ ನಮೂದುಗಳನ್ನು ಇಟ್ಟಿರುತ್ತದೆ. ಆ ಸಂಖ್ಯೆಗೆ ಹ್ಯಾಷ್ ಎನ್ನುತ್ತಾರೆ. ಓದಿದಾಗ ಬರುವುದು ಅದೇ ಕ್ರಮದಲ್ಲಿ.

ಇನ್ನೊಂದು ಬಲೆ ನಕ್ಷತ್ರಚಿಹ್ನೆಯದು. ಎಲ್ಲ ಚಿತ್ರಕಡತಗಳೂ ಬೇಕೆಂದು ಆದೇಶದ ಮುಂದೆ ನಕ್ಷತ್ರ ಹಾಕಿ ಬರೆದರೆ, ಆದೇಶ ಓಡುವ ಮೊದಲೇ ಶೆಲ್ ಎಂಬ ನಡುವಿನ ತಂತ್ರಾಂಶ ಆ ನಕ್ಷತ್ರದ ಜಾಗದಲ್ಲಿ ಲಕ್ಷ ಹೆಸರುಗಳನ್ನೂ ಬರೆದುಬಿಡುತ್ತದೆ. ಹೀಗೆ ಆದೇಶಕ್ಕೆ ಹೊರಿಸಬಹುದಾದ ಭಾರಕ್ಕೆ ಮಿತಿಯಿದೆ. ಸಾಮಾನ್ಯ ಲಿನಕ್ಸ್‌ನಲ್ಲಿ ಅದು ಸುಮಾರು 2 ಎಂಬಿ. ಮಿತಿ ಮೀರಿದರೆ ‘ಪಟ್ಟಿ ತೀರ ಉದ್ದವಾಯಿತು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಬಂದು ಕೆಲಸ ನಿಲ್ಲುತ್ತದೆ. ಇಂಥಲ್ಲಿ ‘ಫೈಂಡ್’ ಎಂಬ ಆದೇಶ ಕೈಹಿಡಿಯುತ್ತದೆ. ಅದು ಹೆಸರನ್ನು ಕಂಡಕಂಡಂತೆ ಹೇಳುತ್ತ ಹೋಗುತ್ತದೆ, ಜೋಡಿಸಲು ಕೂರುವುದಿಲ್ಲ.

ಹತ್ತು ಸಾಲಿನ ಸ್ಕ್ರಿಪ್ಟು

ಕಾಲೇಜುಗಳಲ್ಲಿ ಈಗ ಕಲಿಸುವ ಪೈಥಾನ್ ಭಾಷೆಯಲ್ಲಿ ಈ ಕೆಲಸಕ್ಕೆ ಎರಡು ದಾರಿಗಳಿವೆ. ಹಳೆಯದು ‘ಲಿಸ್ಟ್‌ಡಿರ್’. ಅದು ಎಲ್ಲ ಹೆಸರುಗಳನ್ನೂ ಒಟ್ಟುಮಾಡಿ ಒಂದೇ ಹೊರೆಯಾಗಿ ಕೈಗಿಡುತ್ತದೆ. ಯಾವುದು ಕಡತ, ಯಾವುದು ಒಳಡೈರೆಕ್ಟರಿ ಎಂದು ತಿಳಿಯಲು ಮತ್ತೆ ಒಂದೊಂದನ್ನೂ ವಿಚಾರಿಸಬೇಕು. ಹೊಸದು ‘ಸ್ಕ್ಯಾನ್‌ಡಿರ್’. ಬೆನ್ ಹಾಯ್ಟ್ ಎಂಬ ತಂತ್ರಾಂಶ ತಜ್ಞ ಸೂಚಿಸಿದ ಇದು 2015ರ ಸೆಪ್ಟೆಂಬರಿನಲ್ಲಿ ಬಂದ ಪೈಥಾನ್ 3.5ರಲ್ಲಿ ಸೇರಿತು. ನಮೂದುಗಳನ್ನು ಇದು ಒಂದೊಂದಾಗಿ ಕೊಡುತ್ತದೆ, ಕಡತವೋ ಡೈರೆಕ್ಟರಿಯೋ ಎಂಬ ಗುರುತು ರಿಜಿಸ್ಟರಿನಲ್ಲೇ ಇದ್ದರೆ ಅದನ್ನೂ ಜತೆಗೆ ಕೊಡುತ್ತದೆ. ವಿಂಡೋಸ್ ವ್ಯವಸ್ಥೆ ಹೆಸರಿನೊಡನೆ ಗಾತ್ರ, ದಿನಾಂಕಗಳನ್ನೂ ಹೇಳುವುದರಿಂದ ಅಲ್ಲಿ ಲಾಭ ಇನ್ನೂ ಹೆಚ್ಚು. ಇಡೀ ಡೈರೆಕ್ಟರಿ ಮರವನ್ನು ಸುತ್ತಿಬರುವ ಪೈಥಾನ್‌ನ ‘ವಾಕ್’ ಎಂಬ ಸೌಲಭ್ಯ ಈ ಬದಲಾವಣೆಯಿಂದ ಲಿನಕ್ಸ್ ಬಗೆಯ ವ್ಯವಸ್ಥೆಗಳಲ್ಲಿ 3ರಿಂದ 5 ಪಟ್ಟು, ವಿಂಡೋಸ್‌ನಲ್ಲಿ 7ರಿಂದ 20 ಪಟ್ಟು ವೇಗ ಪಡೆಯಿತು ಎಂದು ಪೈಥಾನ್ ತಂಡ ಆಗ ತಿಳಿಸಿತ್ತು.

ಸ್ಕ್ರಿಪ್ಟಿನ ಹೆಜ್ಜೆಗಳನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಒಂದು, ಡೈರೆಕ್ಟರಿಯನ್ನು ಸ್ಕ್ಯಾನ್‌ಡಿರ್ ಮೂಲಕ ತೆರೆಯಿರಿ.

ಎರಡು, ಪಟ್ಟಿ ಬರೆಯಲು ಬೇರೊಂದು ಡೈರೆಕ್ಟರಿಯಲ್ಲಿ ಹೊಸ ಕಡತ ತೆರೆಯಿರಿ. ಅದೇ ಡೈರೆಕ್ಟರಿಯಲ್ಲಿ ತೆರೆದರೆ ಪಟ್ಟಿಯೊಳಗೆ ಪಟ್ಟಿಯ ಹೆಸರೂ ಸೇರಿಕೊಳ್ಳುತ್ತದೆ.

ಮೂರು, ಒಂದೊಂದೇ ನಮೂದು ತೆಗೆದುಕೊಂಡು ಅದು ಕಡತವಾಗಿದ್ದರೆ ಹೆಸರನ್ನು ಕೂಡಲೇ ಪಟ್ಟಿಗೆ ಬರೆಯಿರಿ. ನೆನಪಿನಲ್ಲಿ ಕೂಡಿಡಬೇಡಿ.

ನಾಲ್ಕು, ಸಾವಿರಕ್ಕೊಮ್ಮೆ ಎಷ್ಟಾಯಿತೆಂದು ಪರದೆಯ ಮೇಲೆ ತೋರಿಸಿ, ಬರೆದಷ್ಟನ್ನು ಡಿಸ್ಕಿಗೆ ಸೇರಿಸಿ. ಕರೆಂಟು ಹೋದರೆ ನಷ್ಟವಾಗುವುದು ಕೊನೆಯ ಕೆಲವು ಹೆಸರು ಮಾತ್ರ.

ಐದು, ಎಲ್ಲ ಮುಗಿದ ಮೇಲೆ, ಬೇಕೆನಿಸಿದರೆ, ಪಟ್ಟಿಯನ್ನು ಜೋಡಿಸಿ. ಗಾತ್ರ ಬೇಕಿದ್ದರೆ ಬೇಕಾದ ಕಡತಗಳದ್ದನ್ನು ಮಾತ್ರ ಕೇಳಿ.

ಎಲ್ಲ ಕಡತಗಳನ್ನೂ ತೆರೆದು ಓದಲೇಬೇಕಾದ ಸಂದರ್ಭವೂ ಬರಬಹುದು. ಆಗ ಗ್ರಂಥಪಾಲಕರ ಹಳೆಯ ಜಾಣತನ ಉಪಯೋಗಕ್ಕೆ ಬರುತ್ತದೆ. ನೂರು ಪುಸ್ತಕಗಳ ಚೀಟಿ ಕೈಗೆ ಬಂದರೆ ಅವರು ಚೀಟಿಗಳನ್ನು ಮೊದಲು ಕಪಾಟಿನ ಕ್ರಮದಲ್ಲಿ ಜೋಡಿಸಿಕೊಂಡು ಆಮೇಲೆ ಹೊರಡುತ್ತಾರೆ. ಕಂಪ್ಯೂಟರಿನಲ್ಲೂ ಐನೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿಕೊಂಡು ಕಡತಗಳನ್ನು ತೆರೆದರೆ ಹಳೆಯ ಹಾರ್ಡ್‌ಡಿಸ್ಕಿನ ಸೂಜಿಯ ಅಲೆದಾಟ ಗಣನೀಯವಾಗಿ ಕಡಿಮೆಯಾಗುತ್ತದೆ.

ಹೆಸರಿಡುವಾಗಿನ ಎಚ್ಚರ

ಪಟ್ಟಿ ಸುಲಭವಾಗುವುದೂ ಕಷ್ಟವಾಗುವುದೂ ಹೆಸರಿಟ್ಟ ದಿನವೇ ನಿರ್ಧಾರವಾಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕೈಜೋಡಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆಗಿದ್ದವು. ಅಲ್ಲಿ ಪುಸ್ತಕಕ್ಕೊಂದು ಡೈರೆಕ್ಟರಿ, ಪುಟಕ್ಕೊಂದು ಕಡತ. ಪುಟದ ಹೆಸರು ಎಂಟು ಅಂಕಿಯದು: ಮೊದಲ ಪುಟಕ್ಕೆ 00000001, ಹತ್ತನೆಯದಕ್ಕೆ 00000010. ಇಷ್ಟೊಂದು ಸೊನ್ನೆ ಏಕೆಂದು ಕೇಳಬಹುದು. ಕಂಪ್ಯೂಟರು ಹೆಸರುಗಳನ್ನು ಅಕ್ಷರವೆಂದು ಹೋಲಿಸುತ್ತದೆ, ಸಂಖ್ಯೆಯೆಂದಲ್ಲ. ಬರಿಯ 1, 2, 10, 100 ಎಂದು ಹೆಸರಿಟ್ಟರೆ ಪಟ್ಟಿಯಲ್ಲಿ ಒಂದರ ಹಿಂದೆ ಹತ್ತು, ಹತ್ತರ ಹಿಂದೆ ನೂರು ಬಂದು, ಎರಡನೆಯ ಪುಟ ಎಲ್ಲೋ ಕೆಳಗೆ ಹೋಗಿರುತ್ತದೆ. ಸೊನ್ನೆಗಳು ಆ ತೊಡಕನ್ನು ತಪ್ಪಿಸುತ್ತವೆ. ಪುಸ್ತಕಕ್ಕೊಂದು ಡೈರೆಕ್ಟರಿ ಇದ್ದುದರಿಂದ ಯಾವ ಡೈರೆಕ್ಟರಿಯೂ ಮಿತಿಮೀರಿ ಬೆಳೆಯಲಿಲ್ಲ. ಒಂದು ಗ್ರಂಥಕ್ಕೆ ಒಂದು ಕಟ್ಟು ಎಂಬ ತಾಳೆಗರಿಯ ಕ್ರಮವೇ ಇದು.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೆರಡು ಸೂಚನೆ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಹೆಸರಿನ ಉದ್ದ 255 ಬೈಟ್ ಮೀರುವಂತಿಲ್ಲ. ಯೂನಿಕೋಡ್‌ನಲ್ಲಿ ಬರೆದ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕಾದ್ದರಿಂದ 85 ಸಂಕೇತಗಳಿಗೆ ಜಾಗ ಮುಗಿಯುತ್ತದೆ. ಒತ್ತಕ್ಷರಗಳು ಇನ್ನೂ ದುಬಾರಿ. ‘ಸ್ಕ್ರಿ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತ, ಅಂದರೆ 18 ಬೈಟು. ಎರಡನೆಯದು ಅಕಾರಾದಿಯ ವಿಚಾರ. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ. ಯೂನಿಕೋಡ್ ಸಂಖ್ಯೆಗಳಲ್ಲಿ ಅದು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲು ಬರುತ್ತದೆ. ಬರಿಯ ಸಂಕೇತಸಂಖ್ಯೆ ನೋಡಿ ಜೋಡಿಸುವ ಸ್ಕ್ರಿಪ್ಟು ‘ಬಾಳೆ’ಯನ್ನು ‘ಬಾವಿ’ಗಿಂತ ಮೊದಲು ಇಡುತ್ತದೆ, ನಿಘಂಟು ಅದನ್ನು ಹಿಂದುಮುಂದಾಗಿ ಇಟ್ಟಿರುತ್ತದೆ.

ಜಾಗವಿದ್ದರೂ ತುಂಬಿದ ಪೆನ್‌ಡ್ರೈವು

ಮನೆಯವರಿಗೂ ತಟ್ಟುವ ಒಂದು ತೊಂದರೆ ಇಲ್ಲಿದೆ. ಮದುವೆ, ಕೋಲ, ಜಾತ್ರೆಗಳ ಫೋಟೋಗಳನ್ನೆಲ್ಲ ವರ್ಷಾನುಗಟ್ಟಲೆ ಒಂದೇ ಫೋಲ್ಡರಿಗೆ ತುಂಬುತ್ತ ಬಂದವರಿಗೆ ಒಂದು ದಿನ ಪೆನ್‌ಡ್ರೈವು ‘ಇನ್ನು ಆಗದು’ ಎನ್ನುತ್ತದೆ. ನೋಡಿದರೆ ಅರ್ಧಕ್ಕರ್ಧ ಜಾಗ ಖಾಲಿ! ಅನೇಕ ಪೆನ್‌ಡ್ರೈವುಗಳು ಬಳಸುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಡೈರೆಕ್ಟರಿಯ ರಿಜಿಸ್ಟರು 2 ಎಂಬಿ ಮೀರುವಂತಿಲ್ಲ. ಒಂದು ನಮೂದಿಗೆ 32 ಬೈಟಿನಂತೆ ಅದರಲ್ಲಿ ಹಿಡಿಸುವುದು 65,536 ನಮೂದು. ಚಿಕ್ಕ ಇಂಗ್ಲಿಷ್ ಹೆಸರಿಗೆ ಒಂದು ನಮೂದು ಸಾಕು. ಹೆಸರು ಉದ್ದವಾದರೆ ಅಥವಾ ಕನ್ನಡದಲ್ಲಿದ್ದರೆ ಪ್ರತಿ 13 ಸಂಕೇತಗಳಿಗೆ ಒಂದರಂತೆ ಹೆಚ್ಚಿನ ನಮೂದು ಬೇಕು. ಕನಿಷ್ಠ ಎರಡೆಂದರೂ 32 ಸಾವಿರ ಚಿಲ್ಲರೆ ಫೋಟೋಗಳಿಗೆ ರಿಜಿಸ್ಟರು ಭರ್ತಿ. ಪರಿಹಾರ ಸುಲಭ: ವರ್ಷಕ್ಕೊಂದು, ತಿಂಗಳಿಗೊಂದು ಫೋಲ್ಡರು ಮಾಡಿ ಹಂಚಿಟ್ಟರೆ ಸಾಕು. ರಜೆಯಲ್ಲಿ ಮಕ್ಕಳಿಗೆ ಒಪ್ಪಿಸಬಹುದಾದ ಒಳ್ಳೆಯ ಕೆಲಸ. ಲಿನಕ್ಸ್, ಪೈಥಾನ್ ಎರಡೂ ಉಚಿತ.

ತಪ್ಪಿದ ಗರಿ

ಉಜಿರೆ ವಿದ್ಯೆಯ ಊರು. 1940ರಲ್ಲಿ ಸಿದ್ಧವನ ಗುರುಕುಲ, 1966ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, ಮುಂದೆ ಎಂಜಿನಿಯರಿಂಗ್ ಕಾಲೇಜು ಇಲ್ಲಿ ಬೆಳೆದವು. ಹತ್ತಿರದ ಧರ್ಮಸ್ಥಳದ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನದಲ್ಲಿ ಓಲೆಗರಿ ಗ್ರಂಥಗಳ ಸಂಗ್ರಹವಿದೆ. ಸುತ್ತಲಿನ ಹಳೆಯ ಮನೆಗಳ ಅಟ್ಟದಲ್ಲೂ ಕಟ್ಟುಗಳು ಇದ್ದಾವು. ಕಂಪ್ಯೂಟರು ಕಲಿತ ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದು ಇಂಥ ಕಟ್ಟೊಂದರ ಮುಂದೆ ಕುಳಿತರೆನ್ನಿ. ಇನ್ನೂರು ಗರಿ, ಎರಡು ಮಗ್ಗುಲು, ನಾನೂರು ಚಿತ್ರ. ಸಂಜೆ ಕಟ್ಟನ್ನು ಮತ್ತೆ ಬಿಗಿದು ಮನೆಯವರಿಗೆ ಒಪ್ಪಿಸುವ ಮುನ್ನ ಪಟ್ಟಿ ತೆಗೆದು ನೋಡಿದರೆ 399 ಎಂದು ಬಂತು. ಯಾವುದು ತಪ್ಪಿತು? ಸೊನ್ನೆ ತುಂಬಿದ ಹೆಸರುಗಳಾದರೆ ಒಂದರ ಹಿಂದೆ ಒಂದು ಸಂಖ್ಯೆ ಬರುತ್ತಿದೆಯೆ ಎಂದು ನೋಡುವ ಎರಡು ಸಾಲು ಸ್ಕ್ರಿಪ್ಟಿಗೆ ಸೇರಿಸಿದರೆ ಸಾಕು. 137ನೆಯ ಗರಿಯ ಹಿಂಬದಿ ಎಂದು ತಟ್ಟನೆ ಹೇಳುತ್ತದೆ. ಆ ಗರಿಯೊಂದನ್ನು ಮತ್ತೆ ಹಿಡಿದು ಚಿತ್ರ ತೆಗೆದರಾಯಿತು.

ಅದೇ ಮಾತು ಮೂರು ತಿಂಗಳ ಬಳಿಕ ತಿಳಿದರೆ? ಕಟ್ಟನ್ನು ಇನ್ನೊಮ್ಮೆ ಬಿಚ್ಚಲು ಮನೆಯವರು ಒಪ್ಪಬೇಕು, ಒಪ್ಪಿದರೂ ಗರಿ ತಾಳಬೇಕು.

ಮನೆಗೆ ಬಂದ ಮೇಲೆ ಇನ್ನೊಂದು ಡಿಸ್ಕಿಗೆ ನಕಲು ಮಾಡುವಾಗಲೂ ಪಟ್ಟಿಯೇ ಕಾವಲುಗಾರ. ಮೂಲದ ಪಟ್ಟಿ, ನಕಲಿನ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಕು. ಮೊದಲು ಹೆಸರು, ಆಮೇಲೆ ಗಾತ್ರ, ಕೊನೆಗೆ ಒಳಗಿನ ವಿಷಯ. ಹೆಸರಿನ ಹಂತದಲ್ಲೇ ಸಿಕ್ಕಿಬೀಳುವ ತಪ್ಪಿಗಾಗಿ ಲಕ್ಷ ಕಡತಗಳನ್ನು ತೆರೆಯುವ ಅಗತ್ಯವಿಲ್ಲ. ಎರಡು ಪಟ್ಟಿಯಲ್ಲೂ ಹೆಸರು, ಗಾತ್ರ ತಾಳೆಯಾದವುಗಳನ್ನು ಬಿಡುವಾದಾಗ ಒಳಗಿನಿಂದ ಪರೀಕ್ಷಿಸಬಹುದು.

ಭುಜಬಲಿ ಶಾಸ್ತ್ರಿಗಳ ಕೈಯಲ್ಲಿ ಕಂಪ್ಯೂಟರು ಇರಲಿಲ್ಲ. ‘ಅಪೂರ್ಣ’ ಎಂದು ಬರೆಯಬೇಕಾದಲ್ಲೆಲ್ಲ ಸೂಚಿಕಾರರು ಗರಿಗಳನ್ನು ಎಣಿಸಿಯೇ ಬರೆಯಬೇಕಾಗಿತ್ತು. ಇಂದಿನ ವಿದ್ಯಾರ್ಥಿಗೆ ಆ ಎಣಿಕೆ ಕ್ಷಣಗಳ ಕೆಲಸ. ಮುಂದಿನ ಮಳೆಗಾಲದ ಸಂಜೆ, ಕರೆಂಟು ಹೋಗುವುದರೊಳಗೆ ಅವನ ಪಟ್ಟಿ ಮುಗಿದಿರುತ್ತದೆ. ‘ಆಯ್ತಾ ಮಗಾ?’ ಎಂದು ಅಮ್ಮ ಕೇಳಿದರೆ ‘ಆಯ್ತಮ್ಮ, ಎಲ್ಲ ಉಂಟು’ ಎಂದು ಅವನು ಧೈರ್ಯವಾಗಿ ಹೇಳಬಹುದು.